ದೀಪಾವಳಿಗೆ ಬಂದ ರಷ್ಯಾದ ಗಡಿಯಾರ

ಕೊಲ್ಲಿ ನಾಡಿನ ಅಲ್ ಸದ್ದ್‌ನ ನಮ್ಮ ಕಟ್ಟಡದ ತಾರಸಿಯಲ್ಲಿ ಡಿಶ್‌ಗಳು ಎರಡು ಬಣಗಳಾಗಿ ನಿಂತಿದ್ದವು. ಅರಬಿ ವಾಹಿನಿಗಳನ್ನು ನೋಡುವ ಮನೆಗಳವು ಪಶ್ಚಿಮಕ್ಕೆ, ನಮ್ಮ ದೇಶದವರವು ಪೂರ್ವಕ್ಕೆ. ನಿವೃತ್ತನಾಗಿ ಮಗಳ ಮನೆಯಲ್ಲಿದ್ದ ನನಗೆ, ಧೂಳುಗಾಳಿ ಬೀಸಿದ ಮರುದಿನ ಮೇಲೆ ಹತ್ತಿ ಅಳಿಯನ ಡಿಶ್ ಹೊರಳಿದೆಯೇ ಎಂದು ನೋಡಿಬರುವುದು ಒಂದು ಕೆಲಸವಾಗಿತ್ತು. 2001ರ ಏಪ್ರಿಲ್‌ನ ಒಂದು ಶುಕ್ರವಾರ ಬೆಳಿಗ್ಗೆ ಅಲ್ಲಿ ಕೆಳಗಿನ ಮಹಡಿಯ ನೆರೆಯವರು ಸಿಕ್ಕರು. ಮಂಗಳೂರಿನ ಕಡೆಯವರು; ಮನೆಮಾತು ತುಳು; ವೆಸ್ಟ್ ಬೇಯ ಕಚೇರಿಯೊಂದರಲ್ಲಿ ಉದ್ಯೋಗ.

ಮಾತಿನ ನಡುವೆ, ರಷ್ಯಾದ ದೂರದರ್ಶನ ಉಪಗ್ರಹಗಳ ಇತಿಹಾಸವನ್ನು ಬರೆಯುತ್ತಿದ್ದೇನೆಂದು ಹೇಳಿದೆ. ಆ ತಿಂಗಳ ಏಳರಂದು ‘ಎಕ್ರಾನ್’ ಸರಣಿಯ ಉಪಗ್ರಹವೊಂದು ಮೇಲೇರಿತ್ತು. ಅದೇ ಆ ಸರಣಿಯ ಕೊನೆಯದೆಂದು ಆಗ ನನಗೆ ತಿಳಿದಿರಲಿಲ್ಲ.

“ರಷ್ಯಾ ಟೀವಿಯಾ?” ಅವರು ತಮ್ಮ ಡಿಶ್ ಬಿಗಿಯುತ್ತಿದ್ದ ಸ್ಪ್ಯಾನರನ್ನು ನೀರಿನ ಟ್ಯಾಂಕಿನ ಮೇಲಿಟ್ಟರು. “ಅದನ್ನು ನಾನೂ ಅಣ್ಣನೂ ಊರಲ್ಲೇ ನೋಡಿದ್ದೇವೆ ಸರ್. ಎಪ್ಪತ್ತಾರನೇ ಇಸವಿ, ದೀಪಾವಳಿಗೆ. ಒಂದು ದೊಡ್ಡ ಗಡಿಯಾರ ಬಂತು, ಮತ್ತೆ ಎಂತದೋ ಅಕ್ಷರ. ರಷ್ಯಾದ್ದು ಅಂತ ಅಣ್ಣ ಹೇಳಿದ.”

“ಎಪ್ಪತ್ತಾರೇ ಅಂತ ಹೇಗೆ ಹೇಳ್ತೀರಿ?”

“ನಾನು ಕಾಲೇಜಿಗೆ ಸೇರಿದ ವರ್ಷ ಅಲ್ವಾ ಮಾರಾಯ್ರೆ!”

ನಾನು ನಂಬಲಿಲ್ಲ. ಅವರು ಬಿಡಲೂ ಇಲ್ಲ. ಅಣ್ಣನದು ರೇಡಿಯೋ ರಿಪೇರಿ ಅಂಗಡಿ. ಕುವೈತಿನಿಂದ ಬಂದವರೊಬ್ಬರು ಒಂದು ಟೀವಿ ತಂದು, ಊರಿನಲ್ಲಿ ಟೀವಿ ಕೇಂದ್ರವೇ ಇಲ್ಲವೆಂದು ತಿಳಿದ ಮೇಲೆ ಅದನ್ನು ಅಂಗಡಿಯಲ್ಲಿ ಬಿಟ್ಟುಹೋಗಿದ್ದರಂತೆ. ಅಣ್ಣ ಅದನ್ನು ಮನೆಗೆ ತಂದು, ಅಲ್ಯೂಮಿನಿಯಂ ಕಡ್ಡಿಗಳಿಂದ ಆಂಟೆನಾ ಕಟ್ಟಿದರು. ಒಂದು ಸಂಜೆ ಚಿತ್ರ ಬಂತು. ಮರುದಿನ ಊರವರನ್ನು ಕರೆದಾಗ ಪರದೆಯ ಮೇಲೆ ಇರುವೆ ಮುತ್ತಿದಂಥ ಚುಕ್ಕೆಗಳಲ್ಲದೆ ಬೇರೇನೂ ಇರಲಿಲ್ಲ.

“ಅವತ್ತಿಂದ ಅಣ್ಣನ ಹೆಸರು ‘ರಷ್ಯಾ’. ಮಳೆ ಬರ್ತದೆ ಅಂತ ಅವನು ಹೇಳಿದ್ರೆ, ‘ಇಲ್ಲಿಯ ಮಳೆಯಾ, ರಷ್ಯಾದ್ದಾ?’ ಅಂತ ಕೇಳ್ತಾರೆ. ಮಗಳ ಮದುವೆ ಚಪ್ಪರದಲ್ಲೂ ಕೇಳಿದ್ರು, ಬೀಗರ ಎದುರು. ನಿಮ್ಮ ಪುಸ್ತಕದಲ್ಲಿ ಒಂದು ಸಾಲು ಹಾಕಿ ಸರ್. ಅವನು ಸುಳ್ಳ ಅಲ್ಲ ಅಂತ ಆಗ್ಲಿ.”

ಕೆಳಗಿಳಿದು ಬಂದವನೇ ತಾರೀಕುಗಳನ್ನು ತಾಳೆ ನೋಡಿದೆ. 1976ಕ್ಕೂ ಮೊದಲು ಸೋವಿಯತ್ ದೇಶ ತನ್ನ ದೂರದ ಊರುಗಳಿಗೆ ಉಪಗ್ರಹದ ಮೂಲಕ ಚಿತ್ರ ಕಳಿಸುತ್ತಿದ್ದುದು ನಿಜ. ಆದರೆ ಅದನ್ನು ಹಿಡಿಯಲು ಕಟ್ಟಡದಷ್ಟು ದೊಡ್ಡ ಡಿಶ್‌ಗಳ ಕೇಂದ್ರಗಳು ಬೇಕಿದ್ದವು. ಕಡ್ಡಿಗಳ ಸರಳ ಆಂಟೆನಾಕ್ಕೂ ಸಿಗುವಷ್ಟು ಬಲವಾಗಿ ಪ್ರಸಾರ ಮಾಡಿದ್ದು ಎಕ್ರಾನ್. ಸೈಬೀರಿಯಾದ ಹಳ್ಳಿಗಳಿಗಾಗಿ ಪೂರ್ವ ರೇಖಾಂಶ ತೊಂಬತ್ತೊಂಬತ್ತರಲ್ಲಿ ಅದನ್ನು ನಿಲ್ಲಿಸಿದ್ದರು. ಅದರ ಸಂಕೇತ ಭಾರತದ ಮೇಲೂ ಚೆಲ್ಲುತ್ತಿತ್ತು. ಮೊದಲ ಎಕ್ರಾನ್ ಹಾರಿದ್ದು 1976ರ ಅಕ್ಟೋಬರ್ 26ರಂದು. ಇನ್ನು ದೀಪಾವಳಿ. ಅದೇ ಅಕ್ಟೋಬರ್ 23ರಂದು ಆಸ್ಟ್ರೇಲಿಯಾದಲ್ಲಿ ಸೂರ್ಯಗ್ರಹಣ ಕಂಡಿತ್ತು, ಸೂರ್ಯಗ್ರಹಣವೆಂದರೆ ಅಮಾವಾಸ್ಯೆ, ಅದರ ಬೆನ್ನಿಗೇ ಬಲಿಪಾಡ್ಯಮಿ. ಅಂದರೆ, ಉಪಗ್ರಹ ಇನ್ನೂ ನೆಲದ ಮೇಲಿದ್ದಾಗಲೇ ಹಬ್ಬ ಮುಗಿದಿತ್ತು.

ಮುಂದಿನ ಶುಕ್ರವಾರ ಅವರ ಮನೆಗೆ ಹೋಗಿ ಇದನ್ನು ಹೇಳಿದೆ. ನನ್ನ ಊಹೆಯನ್ನೂ ಮುಚ್ಚಿಡಲಿಲ್ಲ. “ನೀವು ನೋಡಿದ್ದು ಈ ಕೊಲ್ಲಿಯ ಕಡೆಯ ಟೀವಿಯನ್ನೇ ಇರಬೇಕು. ಹವೆ ಕೂಡಿಬಂದಾಗ ಸಮುದ್ರ ದಾಟಿ ಕರಾವಳಿಗೆ ಅದು ಸಿಗುತ್ತಿತ್ತು.”

“ಅರಬಿಯಾ? ಇಲ್ಲಿ ಬೋರ್ಡು ನೋಡಿ ನೋಡಿ ನನ್ನ ಕಣ್ಣು ಸವೆದಿದೆ. ಅರಬಿ ಅಕ್ಷರ ನನಗೆ ಗೊತ್ತಾಗ್ಲಿಕ್ಕಿಲ್ವಾ?”

“ಈಗ ಗೊತ್ತಾಗುತ್ತೆ. ಆಗ ಗೊತ್ತಿತ್ತೇ?”

ಅವರು ಚಾ ಲೋಟವನ್ನು ಬದಿಗಿಟ್ಟರು. “ಖಲಾಸ್. ಅಣ್ಣನನ್ನೇ ಕೇಳಿ,” ಎಂದು ಫೋನೆತ್ತಿ, ಧ್ವನಿ ನನಗೂ ಕೇಳುವಂತೆ ಗುಂಡಿ ಒತ್ತಿದರು.

“ಅಣ್ಣಾ, ಎಂಚ ಉಲ್ಲರ್?” ಎಂದು ಆರಂಭವಾದ ಕುಶಲಪ್ರಶ್ನೆ ಅಗತ್ಯಕ್ಕಿಂತ ಉದ್ದವಾಯಿತು. ನನಗೆ ತುಳು ಬಾರದು. ಆ ಮಾತಿನ ಮರೆಯಲ್ಲಿ ನೆರೆಯವರು ಅಣ್ಣನಿಗೆ ಉತ್ತರಗಳನ್ನು ದಾಟಿಸುತ್ತಿರಬಹುದೆಂಬ ಸಂದೇಹ ಮೂಡಿತು. ‘ಎಕ್ರಾನ್’ ಎಂಬ ಪದ ಕೇಳಿಸೀತೇ ಎಂದು ಕಿವಿಗೊಟ್ಟು ಕೂತೆ. ಕೇಳಿಸಲಿಲ್ಲ. ಅದರಿಂದ ಏನೂ ಸಾಬೀತಾಗುವುದಿಲ್ಲ.

ಆದ್ದರಿಂದ, ನೆರೆಯವರೊಡನೆ ನಾನು ಒಮ್ಮೆಯೂ ಎತ್ತದಿದ್ದ ಪ್ರಶ್ನೆಯನ್ನೇ ಮೊದಲು ಕೇಳಿದೆ. “ಆಂಟೆನಾ ಯಾವ ದಿಕ್ಕಿಗಿತ್ತು?” ಕೊಲ್ಲಿಯ ಟೀವಿಯಾದರೆ ಅದು ಪಶ್ಚಿಮಕ್ಕೆ, ನೆಲಕ್ಕೆ ಸಮನಾಗಿ ಇರಬೇಕು. ಎಕ್ರಾನ್ ಆದರೆ ಪೂರ್ವಕ್ಕೆ, ಆಕಾಶ ನೋಡುವಂತೆ ಎತ್ತರಕ್ಕೆ.

“ಸುರುವಿಗೆ ಕಡಲಿನ ಬದಿಗೆ ಇಟ್ಟದ್ದು ಸಾ,” ಎಂದಿತು ಅತ್ತಲಿನ ಧ್ವನಿ. ನನ್ನ ಊಹೆ ಗೆದ್ದಿತೆಂದುಕೊಂಡೆ. “ಎಂತದೂ ಬರ್ಲಿಲ್ಲ. ಅಂಗಳದಲ್ಲಿ ತುಳಸಿಕಟ್ಟೆಗೆ ಕಬ್ಬು, ನೆಲ್ಲಿಕೊಂಬೆ ಎಲ್ಲ ಕಟ್ಟಿತ್ತು. ಆಂಟೆನಾ ಅದಕ್ಕೆ ತಾಗ್ತದೆ ಅಂತ ಅಮ್ಮ ಬೈದ್ರು. ಕೋಪದಲ್ಲಿ ತೆಗೆದು ಬಚ್ಚಲಿನ ಹಂಚಿನ ಮಾಡಿಗೆ ಒರಗಿಸಿಬಿಟ್ಟೆ. ಅದರ ಮೂತಿ ಮೇಲೆ ಆಯ್ತು, ಗುಡ್ಡದ ಬದಿಗೆ. ಒಳಗೆ ಬಂದು ನೋಡ್ತೇನೆ, ಗಡಿಯಾರ!”

ಗುಡ್ಡ ಅವರಿಗೆ ಪೂರ್ವ. “ಹಾಗಾದರೆ ಮರುದಿನ ಯಾಕೆ ಬರಲಿಲ್ಲ?”

“ಜನ ಬರ್ತಾರೆ ಅಂತ ಪುನಃ ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ್ದು ಸಾ. ಬಚ್ಚಲಿಗೆ ಒರಗಿಸಿದ ಆಂಟೆನಾ ನೋಡಿದ್ರೆ ನಗಾಡ್ತಾರಲ್ವಾ?”

ನಗು ತಡೆಯುವುದು ಕಷ್ಟವಾಯಿತು. ಆದರೂ ಒಂದು ಸಂಗತಿ ಚುಚ್ಚುತ್ತಿತ್ತು. “ದೀಪಾವಳಿಗೆ ನೆಲ್ಲಿಕೊಂಬೆ ಯಾಕೆ?”

“ದೀಪಾವಳಿಗಲ್ಲ ಸಾ, ತುಳಸಿಪೂಜೆಗೆ.”

ನಾನು ನೆರೆಯವರತ್ತ ತಿರುಗಿದೆ. ಅವರಿಗೆ ಅದರಲ್ಲಿ ವ್ಯತ್ಯಾಸವೇ ಕಾಣಲಿಲ್ಲ. “ಎರಡೂ ಒಂದೇ ಅಲ್ವಾ? ನಮ್ಮಲ್ಲಿ ಒಮ್ಮೆ ದೀಪ ಇಡ್ಲಿಕ್ಕೆ ಸುರು ಮಾಡಿದ್ರೆ ತುಳಸಿಪೂಜೆ ಮುಗಿಯುವವರೆಗೂ ದೀಪಾವಳಿಯೇ.”

ಮೈಸೂರಿನವನಾದ ನನಗೆ ದೀಪಾವಳಿ ಬಲಿಪಾಡ್ಯಮಿಗೆ ಮುಗಿಯುತ್ತದೆ. ತುಳಸಿಪೂಜೆ ಕಾರ್ತಿಕ ಶುದ್ಧ ದ್ವಾದಶಿ. ಆ ವರ್ಷ ಅದು ಬಿದ್ದದ್ದು ನವೆಂಬರ್ ಮೊದಲ ವಾರದಲ್ಲಿ. ಅಷ್ಟರಲ್ಲಿ ಎಕ್ರಾನ್ ಮೇಲೇರಿತ್ತು.

ಹಾಗೆಂದು ಸಂದೇಹಗಳು ತೀರಲಿಲ್ಲ. ಹಾರಿದ ದಿನವೇ ಪ್ರಸಾರ ಆರಂಭವಾಗುವುದಿಲ್ಲ; ಮೊದಲ ಪರೀಕ್ಷಾ ಪ್ರಸಾರ ಎಂದು ನಡೆಯಿತೆಂಬುದಕ್ಕೆ ನಂಬಲರ್ಹವಾದ ತಾರೀಕು ನನಗೆ ದೊರೆತಿರಲಿಲ್ಲ. ಸಾಮಾನ್ಯ ಟೀವಿ ಆ ಸಂಕೇತವನ್ನು ನೇರವಾಗಿ ಬಿಡಿಸಲಾರದು, ನಡುವೆ ಪರಿವರ್ತಕವೊಂದು ಬೇಕು. ಅದಿಲ್ಲದೆ ಗಡಿಯಾರದ ನೆರಳಾದರೂ ಕಂಡೀತೇ? ಇವೆಲ್ಲದರ ಜೊತೆಗೆ, ಆ ಉದ್ದನೆಯ ತುಳು ಕುಶಲಪ್ರಶ್ನೆ.

ಒಂದು ವಾರ ಯೋಚಿಸಿ ವಾಕ್ಯವೊಂದನ್ನು ಬರೆದು ಅವರ ಮನೆಗೆ ಒಯ್ದೆ: ‘ಮೊದಲ ಎಕ್ರಾನ್‌ನ ಚಿತ್ರವನ್ನು ಅದು ಹಾರಿದ ಮುಂದಿನ ವಾರವೇ ದಕ್ಷಿಣ ಕನ್ನಡದ ರೇಡಿಯೋ ದುರಸ್ತಿಗಾರರೊಬ್ಬರು ಕಂಡರೆಂಬ ಹೇಳಿಕೆಯಿದೆ, ಪ್ರಸಾರ ಆರಂಭವಾದ ದಿನ ಖಚಿತವಾಗದೆ, ಬಳಸಿದ ಉಪಕರಣ ಪರಿಶೀಲನೆಗೆ ದೊರೆಯದೆ, ಇದನ್ನು ಒಪ್ಪುವಂತಿಲ್ಲ, ಆದರೆ ಆಂಟೆನಾದ ದಿಕ್ಕನ್ನೂ ಓರೆಯನ್ನೂ ಗಮನಿಸಿದರೆ ಅಸಾಧ್ಯವೆಂದು ತಳ್ಳಿಹಾಕುವಂತೆಯೂ ಇಲ್ಲ.’

ಅವರು ಎರಡು ಸಲ ಓದಿದರು. “ಇಷ್ಟೆಲ್ಲ ‘ಆದರೆ’ ಬೇಕಾ ಸರ್?”

“ಬೇಕು.”

“ಆಯ್ತು. ಅಣ್ಣ ಕಾಯ್ತಾ ಇದ್ದಾನೆ,” ಎಂದು ಊರಿಗೆ ಫೋನು ಹಚ್ಚಿ, ಹಾಳೆಯನ್ನು ಕಣ್ಣೆದುರು ಹಿಡಿದು, ತುಳುವಿನಲ್ಲಿ ಹೇಳತೊಡಗಿದರು.

ನನ್ನ ವಾಕ್ಯ ಹಾಳೆಯ ಕಾಲು ಭಾಗವನ್ನು ತುಂಬಿತ್ತು. ತುಳುವಿನಲ್ಲಿ ಅದು ಒಂದೇ ಉಸಿರಿಗೆ ಮುಗಿಯಿತು. ಆ ತುದಿಯಲ್ಲಿ ಯಾರನ್ನೋ ಕೂಗಿ ಕರೆಯುವ ಧ್ವನಿ, ಹಲವರ ಮಾತು, ನಗು. ನೆರೆಯವರು ಹಾಳೆಯನ್ನು ಮಡಿಸಿ ಅಂಗಿಯ ಜೇಬಿಗೆ ಸೇರಿಸಿದರು.

ಏನೆಂದು ಹೇಳಿದಿರಿ ಎಂದು ನಾನು ಕೇಳಲಿಲ್ಲ.