ಮಲ್ಲಪ್ಪ ಕಾಕಾನ ಚರ್ಮದ ಪಟ್ಟಿ

ಗೆಳೆಯರೇ, ಇವತ್ತು ಸಿಂದಗಿಯಲ್ಲಿ ಮಲ್ಲಪ್ಪ ಕಾಕಾನ ಮುಂದೆ ತಲೆ ತಗ್ಗಿಸಿ ನಿಂತು ಬಂದೆ.

ಕೈ ನಡುಗತೊಡಗಿದ ಮೇಲೆ ಕ್ಷೌರದಂಗಡಿ ಮುಚ್ಚಿದ ಕಾಕಾ, ಕತ್ತಿ ಮಸೆಯುವ ತಮ್ಮ ಚರ್ಮದ ಪಟ್ಟಿಯನ್ನು ಹೋದ ತಿಂಗಳು, ಇನ್ನೂ ಕತ್ತಿಯಲ್ಲೇ ಗಡ್ಡ ಹೆರೆದುಕೊಳ್ಳುವ ನನಗೆ ಕೊಟ್ಟಿದ್ದರು. ಅದರ ಒಂದು ಮಗ್ಗುಲಿಗೆ ಕತ್ತಿ ಮಸೆಯುವ ಹಸಿರು ಪೇಸ್ಟ್ ಹಚ್ಚಿತ್ತು, ಇನ್ನೊಂದು ಬರೀ ಚರ್ಮ. ಆ ಮಗ್ಗುಲು ಯಾಕೆ ದಂಡವಾಗಬೇಕು ಎಂದುಕೊಂಡು ಅದಕ್ಕೂ ಪೇಸ್ಟ್ ಬಳಿದೆ. ಇವತ್ತು ಹೆಮ್ಮೆಯಿಂದ ಒಯ್ದು ತೋರಿಸಿದೆ.

ಅದರ ಮೇಲೆ ಅಂಗೈ ಇಟ್ಟ ಕಾಕಾ ತಟ್ಟನೆ ಕೈ ಹಿಂದಕ್ಕೆಳೆದುಕೊಂಡರು.

“ಈ ಕಡಿ ಯಾರು ಹಚ್ಚಿದ್ರು, ಮಾಸ್ತರ್ರ?”

“ನಾನ ಹಚ್ಚೇನ್ರಿ. ಎರಡೂ ಕಡಿ ಇದ್ರ ಕತ್ತಿ ಇನ್ನೂ ಚೂಪ ಆಗತೈತಿ ಅಂತ.”

“ಪೇಸ್ಟ್ ಕತ್ತಿನ ಚೂಪ ಮಾಡತೈತ್ರಿ, ಬರೀ ಚರ್ಮ ಅದನ್ನ ನುಣ್ಣಗ ಮಾಡತೈತಿ. ನಲವತ್ತು ವರ್ಷ ದಿನಾ ಅಂಗೈಲೆ ತಿಕ್ಕಿ ಹದಾ ಮಾಡಿದ್ದೆ.”

“ಒರಸಿದ್ರ ಹೋಗೂದಿಲ್ಲೇನ್ರಿ?”

“ಚರ್ಮ ಕುಡಿದಿದ್ದು ತಿರುಗಿ ಬರೂದಿಲ್ರಿ.”

ಬೈದಿದ್ದರೆ ಚೆನ್ನಾಗಿತ್ತು. ಕಾಕಾ ಬೈಯಲಿಲ್ಲ.

“ಈಗೇನ್ ಮಾಡೂದ್ರಿ, ಕಾಕಾ?”

“ಏನಿಲ್ರಿ. ಹೊಸಾ ಪಟ್ಟಿ ತಗೊಂಡು ದಿನಾ ಅಂಗೈಲೆ ತಿಕ್ರಿ. ನಲವತ್ತು ವರ್ಷಕ್ಕ ಇದು ಮೊದಲ ಇದ್ದಂಗ ಆಗತೈತಿ.”

ಅಂದ ಹಾಗೆ, ನನಗೀಗ ಐವತ್ತೆಂಟು.