ಯಾಕಣ್ಣನ ಕೆನ್ನೆ

ಆ ಬೀದಿಯ ಕಟಿಂಗ್ ಶಾಪಿನವನನ್ನು ಎಲ್ಲರೂ ಯಾಕಣ್ಣ ಎಂದೇ ಕರೆಯುತ್ತಿದ್ದರು. ಯಾವ ಮಾತಿಗೂ ಒಂದು ‘ಯಾಕೆ’ ಅಂಟಿಸದೆ ಬಿಡುವ ಆಸಾಮಿಯಲ್ಲ. ದೊಡ್ಡ ಕಾಯಿಲೆಯೊಂದಕ್ಕೆ ವರ್ಷಗಟ್ಟಲೆ ನುಂಗಿದ ಮಾತ್ರೆಗಳು ಅವನ ಜೀವ ಉಳಿಸಿ, ಕೆನ್ನೆಯ ಕೊಬ್ಬನ್ನು ತಿಂದುಹಾಕಿದ್ದವು. ಕುರ್ಚಿಯಲ್ಲಿ ಕೂತ ಗಿರಾಕಿಗಳು ಕನ್ನಡಿಯಲ್ಲಿ ಅವನ ಗುಳಿಬಿದ್ದ ಮುಖ ಕಂಡು, “ಹುಷಾರಿಲ್ವಾ?” ಎನ್ನುತ್ತಿದ್ದರು. ಚೆನ್ನಾಗಿದೀನಿ ಎಂದರೆ ನಂಬುತ್ತಿರಲಿಲ್ಲ. ಕೆಲವರು ಬರುವುದನ್ನೇ ಬಿಟ್ಟರು.

ಚರ್ಮದ ಡಾಕ್ಟ್ರಮ್ಮ ಒಂದು ಇಂಜೆಕ್ಷನ್ ಇದೆ ಎಂದರು. ಕೆನ್ನೆ ತುಂಬಿಸುತ್ತದೆ, ಆಮೇಲೆ ತಾನೇ ಕರಗಿಹೋಗುತ್ತದೆ.

“ಕರಗೋದಾದ್ರೆ ಹಾಕೋದ್ಯಾಕೆ?”

“ಅದು ಕರಗೋ ಅಷ್ಟರಲ್ಲಿ ನಿಮ್ಮ ಮೈಯೇ ಅಲ್ಲಿ ಹೊಸ ನಾರು ಹೆಣ್ಕೊಳ್ಳುತ್ತೆ. ಅದಕ್ಕೇ.”

“ಕರಗಿದ್ದು ಎಲ್ಲಿಗೆ ಹೋಗುತ್ತೆ?”

“ಹೆಚ್ಚುಕಮ್ಮಿ ಎಲ್ಲಾ ಉಸಿರಲ್ಲೇ ಆಚೆ ಹೋಗುತ್ತೆ.”

ಯಾಕಣ್ಣ ಅಂಗೈಗೆ ಒಮ್ಮೆ ಉಸಿರು ಬಿಟ್ಟು ನೋಡಿಕೊಂಡ. ಡಾಕ್ಟ್ರಮ್ಮ ನಕ್ಕುಬಿಟ್ಟರು.

ಇಂಜೆಕ್ಷನ್ ಆದ ದಿನ ಕೆನ್ನೆ ಉಬ್ಬಿ ಬನ್ನಿನಂತಾಯಿತು. ವಾರ ಕಳೆಯುವುದರೊಳಗೆ ಇಳಿದು ಮತ್ತೆ ಅದೇ ಗುಳಿ.

“ಹೊಳೇಲಿ ಹುಣಸೆಹಣ್ಣು ತೊಳೆದಂಗಾಯ್ತಲ್ರೀ!” ಎಂದಳು ಹೆಂಡತಿ.

“ಉಬ್ಬಿದ್ದು ಬರೀ ಔಷಧಿ ಜೊತೆ ಬೆರೆಸಿದ ನೀರಂತೆ ಕಣೇ. ಅಸಲಿ ಕೆಲಸ ಈಗ ಒಳಗೆ ಶುರು.”

“ಯಾರು ಕಂಡ್ರು ಒಳಗಿಂದು?”

ಯಾರೂ ಕಂಡಿರಲಿಲ್ಲ. ಅವನಿಗೆ ಕುತೂಹಲ ಇದ್ದದ್ದೇ ಅಲ್ಲಿ. ಡಾಕ್ಟ್ರಮ್ಮ ಹೇಳಿಕೊಟ್ಟ ಹಾಗೆ ಕೆನ್ನೆ ನೀವಿಕೊಳ್ಳುತ್ತಾ, ಗಿರಾಕಿ ಇಲ್ಲದಾಗ ಕನ್ನಡಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಹೊಸ ನಾರಿನ ಗುರುತು ಹುಡುಕುತ್ತಿದ್ದ. ಮತ್ತೆರಡು ಸಲ ಹೋಗಿ ಚುಚ್ಚಿಸಿಕೊಂಡೂ ಬಂದ.

ತಿಂಗಳುಗಳು ಉರುಳಿದ ಮೇಲೆ ಒಂದು ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತಿದ್ದವನ ಕೈ ತಟ್ಟನೆ ನಿಂತಿತು. ಗುಳಿಯನ್ನು ಎತ್ತಿಹಿಡಿಯಲು ಒಳಗಿನಿಂದ ನಾಲಿಗೆ ಒತ್ತುವುದು ಅವನ ರೂಢಿ. ಇವತ್ತು ನಾಲಿಗೆ ಸುಮ್ಮನಿತ್ತು, ಕತ್ತಿ ಮಾತ್ರ ಸಲೀಸಾಗಿ ಜಾರಿತ್ತು.

ಹೆಂಡತಿಯನ್ನು ಕೂಗಿದ. ಅವಳು ಬಂದು ಗಲ್ಲ ಹಿಡಿದು ಅತ್ತಿತ್ತ ತಿರುಗಿಸಿ, ಹೌಹಾರಿದಳು.

“ಅಯ್ಯಯ್ಯೋ, ಥೇಟ್ ನಿಮ್ಮಮ್ಮ!”

ಯಾಕಣ್ಣ ಕನ್ನಡಿಗೆ ತಿರುಗಿದ. ನಿಜವೇ. ತೀರಿಹೋದ ತಾಯಿಯ ದುಂಡು ಕೆನ್ನೆ ತನಗೂ ಇತ್ತೆಂಬುದನ್ನೇ ಅವನು ಮರೆತಿದ್ದ. ಕಣ್ಣು ತುಂಬಿ ಬಂತು.

“ಅತ್ತೇನ ವಾಪಸ್ ಕರ್ಕೊಂಡು ಬಂದ್ರಾ?” ಎಂದು ಗೊಣಗಿದ ಹೆಂಡತಿ, ಕೆನ್ನೆಗೆ ಮೆತ್ತಿದ್ದ ನೊರೆಯನ್ನು ಸೆರಗಿನಲ್ಲಿ ಒರೆಸಿದಳು. “ಇನ್ನು ಅವರ ಥರಾನೇ ಅಡುಗೇಲಿ ಉಪ್ಪು ಹೆಚ್ಚಾಯ್ತು ಅಂದ್ರೆ ನೋಡಿ ಮತ್ತೆ!”

ಎರಡು ವರ್ಷಕ್ಕೆ ಕೆನ್ನೆ ಮತ್ತೆ ಇಳಿಯಬಹುದು ಎಂದು ಡಾಕ್ಟ್ರಮ್ಮ ಮೊದಲೇ ಹೇಳಿದ್ದರು. ಇಳಿದರೆ ಆಗ ನೋಡೋಣ ಎಂದುಕೊಂಡು ಅವನು ಅಂಗಡಿಗೆ ಹೊರಟ.