ಲಾಡಿ ಕಟ್ಟಿದ ಜಾಗ

ಬೈಲಹೊಂಗಲದ ನಮ್ಮ ಪೇಟೆಯಲ್ಲಿ ಒಂದು ಮೆಡಿಕಲ್ ಅಂಗಡಿ ಇದೆ. ಅದರ ಮಾಲೀಕನನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಹುಳಕಡ್ಡಿ ಇರಲಿ, ಇಸುಬು ಇರಲಿ, ಮುಖದ ಮೇಲಿನ ಬಂಗು ಇರಲಿ, ಎಲ್ಲಕ್ಕೂ ಅವನ ಹತ್ತಿರ ಒಂದೇ ಟ್ಯೂಬು. ಎಲ್ಲಿ ಆಗಿದೆ ಎಂದು ಕೇಳುವುದಿಲ್ಲ, ಎಷ್ಟು ದಿನದಿಂದ ಎಂದೂ ಕೇಳುವುದಿಲ್ಲ. ಗಿರಾಕಿ "ತುರಿಕಿ" ಎನ್ನುವಷ್ಟರಲ್ಲಿ ಇವನ ಕೈ ಡಬ್ಬಿಯೊಳಗೆ ಇರುತ್ತದೆ. ಹಚ್ಚಿಕೊಂಡ ಮೇಲೆ ತುರಿಕೆ ನಾಲ್ಕು ದಿನ ಸುಮ್ಮನಿರುತ್ತದೆ, ಆಮೇಲೆ ಇನ್ನಷ್ಟು ಜೋರಾಗಿ ಎದ್ದು ಕೂರುತ್ತದೆ, ಗಿರಾಕಿ ಮತ್ತೆ ಅವನ ಅಂಗಡಿಯ ಮುಂದೆ ನಿಲ್ಲುತ್ತಾನೆ. ಇಂಥವನನ್ನು ಅರ್ಧ ಊರು ಡಾಕ್ಟರ್ ಎಂದು ಕರೆಯುತ್ತದೆ. ನಮ್ಮ ಅವ್ವನೂ ಹಾಗೇ ಕರೆಯುತ್ತಿದ್ದಳು.

ನಾನು ಹೆಂಗಸರ ಬಟ್ಟೆ ಹೊಲಿಯುವವಳು. ಮನೆಯ ಮುಂದಿನ ಖೋಲಿಯೇ ನನ್ನ ಅಂಗಡಿ. ಸೀರೆಯ ಒಳಗೆ ಉಡುವ ಪರಕಾರಗಳನ್ನು ಹೊಲಿದು, ಪಿನ್ನಿಗೆ ಸಿಕ್ಕಿಸಿ ಲಾಡಿ ಪೋಣಿಸುವುದು ನನ್ನ ದಿನದ ಕೆಲಸ. ಅಳತೆ ಕೊಡಲು ಬಂದ ಹೆಂಗಸರ ನಡು ನೋಡಿ ನೋಡಿ ನನಗೆ ಗೊತ್ತಾಗಿದ್ದ ಒಂದು ಸಂಗತಿಯೆಂದರೆ, ನಲವತ್ತು ದಾಟಿದವರ ನಡುವಿನ ಮೇಲೆ ಲಾಡಿ ಕೂರುವ ಜಾಗದಲ್ಲಿ ಕರ್ರಗಿನ ಒಂದು ಪಟ್ಟಿ ಇದ್ದೇ ಇರುತ್ತದೆ. ಕೆಲವರಿಗೆ ಅಲ್ಲಿ ಚರ್ಮ ಒಡೆದು ಹೊಟ್ಟು ಉದುರುತ್ತಿರುತ್ತದೆ. ಅದನ್ನು ರೋಗ ಎಂದು ಯಾರೂ ಎಣಿಸುವುದಿಲ್ಲ. ಎಣಿಸುವುದಿರಲಿ, ಕೆಲವರಿಗೆ ಅದೇ ಒಂದು ಹೆಮ್ಮೆ.

ಆ ಹೆಮ್ಮೆಯವರಲ್ಲಿ ಮೊದಲನೆಯವಳು ನಮ್ಮ ಚಿಗವ್ವ. ಅವಳು ಅವ್ವನ ಬೆನ್ನಿಗೆ ಹುಟ್ಟಿದ ತಂಗಿ. ಇಬ್ಬರೂ ಕಿತ್ತೂರಿನ ಹೆಣ್ಣುಮಕ್ಕಳು, ಅವ್ವನನ್ನು ಇಲ್ಲಿಗೆ ಕೊಟ್ಟರು, ಅವಳನ್ನು ರಾಮದುರ್ಗಕ್ಕೆ ಕೊಟ್ಟರು. ಚಿಗವ್ವ ಸೀರೆ ಉಟ್ಟರೆ ಬೆಳಿಗ್ಗೆ ಹಿಡಿದ ನೆರಿಗೆ ರಾತ್ರಿ ಮಲಗುವವರೆಗೂ ಅಲ್ಲಾಡುತ್ತಿರಲಿಲ್ಲ. ಅದೊಂದು ಸಾಧನೆ ಎಂಬಂತೆ ಅವಳು ಬೀದಿಯಲ್ಲಿ ನಡೆಯುತ್ತಿದ್ದಳು. ನೈಟಿಯ ಮೇಲೆ ಟವೆಲ್ ಹೊದ್ದುಕೊಂಡು ಕಾಯಿಪಲ್ಲೆ ಕೊಳ್ಳುವ ಸೊಸೆಯಂದಿರನ್ನು ಕಂಡರೆ ಅವರಿಗೆ ಕೇಳುವ ಹಾಗೆಯೇ ಅನ್ನುತ್ತಿದ್ದಳು, "ಸೀರಿ ನೆಟ್ಟಗ ಉಡಾಕ ಬರದಾಕಿ ಸಂಸಾರ ಏನ ಹಿಡದಾಳವಾ?" ನನಗೆ ಅವಳ ಬಾಯಿಯ ಮೇಲೆ ಒಂದು ಗುಂಡಿ ಹೊಲಿಯಬೇಕು ಅನ್ನಿಸುತ್ತಿತ್ತು.

ಒಂದು ದಿನ ಅವ್ವನಿಗೆ ಹೊಸ ಪರಕಾರದ ಅಳತೆ ತೆಗೆಯುತ್ತಿದ್ದೆ. ಟೇಪು ಬಲಗಡೆಯ ಸೊಂಟಕ್ಕೆ ತಗಲಿದ್ದೇ ತಡ, ಅವ್ವ ಹಾವು ತುಳಿದವರ ಹಾಗೆ ಹಿಂದೆ ಸರಿದಳು. ಬೇಡ ಬೇಡ ಎಂದರೂ ಬಿಡದೆ ಸೀರೆ ಸರಿಸಿ ನೋಡಿದೆ. ಆ ಕರಿ ಪಟ್ಟಿಯ ಮೇಲೆ ಒಂದು ಹುಣ್ಣಾಗಿತ್ತು. ಅದರ ಅಂಚು ಒಣಗಿದ ಜೋಳದ ರೊಟ್ಟಿಯ ಅಂಚಿನ ಹಾಗೆ ಗಟ್ಟಿಯಾಗಿ ಮೇಲೆದ್ದಿತ್ತು. ನಡುವೆ ಹಸಿ ಮಾಂಸ, ಅದರ ಮೇಲೆ ಅದೇ ಟ್ಯೂಬಿನ ಬಿಳಿ ಮುಲಾಮು.

"ಎಷ್ಟ ದಿನಾ ಆತವಾ?" ಎಂದೆ.

"ಲಾಡಿ ಗಾಯ ಅದು. ಆಗತೈತಿ, ಹೋಗತೈತಿ."

"ಹೋಗೈತೇನು?"

ಅವ್ವ ಸೀರೆ ಸರಿಮಾಡಿಕೊಂಡು ಅದೇ ಜಾಗದ ಮೇಲೆ ಲಾಡಿ ಬಿಗಿದಳು.

ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಎಂದು ನಾನು ಹಟ ಹಿಡಿದಾಗ ಅವ್ವ ತಂಗಿಗೆ ಫೋನು ಮಾಡಿದಳು. ಮರುದಿನವೇ ರಾಮದುರ್ಗದಿಂದ ಚಿಗವ್ವ ಬಂದಿಳಿದಳು. "ಆಸ್ಪತ್ರಿಗೆ ಹೋದ್ರ ಕೊಯ್ಯೂದ ಹೇಳತಾರ ಅಕ್ಕಾ. ಮೊದಲ ಸವದತ್ತಿ ಗುಡ್ಡಕ್ಕ ಹೋಗಿ ಬರೂನು. ಬಾವಿ ನೀರು ಮೈಮ್ಯಾಲೆ ಹಾಕ್ಕೊಂಡ್ರ ಎಂಥೆಂಥಾ ಚರ್ಮದ ಬ್ಯಾನಿ ಹೋಗ್ಯಾವು," ಎಂದಳು. ಚರ್ಮದ ಕಾಯಿಲೆ ಬಂದರೆ ಗುಡ್ಡದ ನೀರು ಮೈಮೇಲೆ ಹಾಕಿಕೊಳ್ಳುವುದು ನಮ್ಮ ಕಡೆ ಮೊದಲಿನಿಂದ ಇದ್ದದ್ದೇ. ನನಗೆ ಆ ಗುಡ್ಡದ ದೇವಿಯ ಮೇಲೆ ಯಾವ ತಕರಾರೂ ಇಲ್ಲ. ಡಾಕ್ಟರ ಹತ್ತಿರ ಹೋಗಬೇಡಿ ಎಂದು ಅವಳು ಯಾರ ಕನಸಿನಲ್ಲೂ ಬಂದು ಹೇಳಿಲ್ಲ, ಹೇಳುವವರು ಇಂಥ ಚಿಗವ್ವಂದಿರು. ಅಕ್ಕತಂಗಿಯರಿಬ್ಬರೂ ಹೋದರು, ಸ್ನಾನ ಮಾಡಿದರು, ಗುಡ್ಡದ ಹತ್ತಿರದ ಉಗರಗೋಳದ ಅಂಗಡಿಯಲ್ಲಿ ಭಂಡಾರದ ಅರಿಶಿನ ಕೊಂಡು ಹುಣ್ಣಿಗೂ ಹಚ್ಚಿದರು. ಒದ್ದೆ ಪರಕಾರವನ್ನೇ ಬಿಗಿದುಕೊಂಡು ಬಸ್ಸಿನಲ್ಲಿ ಬಂದ ಅವ್ವನಿಗೆ ಆ ವಾರ ಹುಣ್ಣಿನಿಂದ ರಕ್ತ ಬಂತು. ನಾನು ಆಮೇಲೆ ಯಾರನ್ನೂ ಕೇಳದೆ ಬೆಳಗಾವಿಯ ಬಸ್ಸು ಹತ್ತಿಸಿದೆ.

ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರೊಬ್ಬ ಸಿಕ್ಕ. ಎಳೆ ವಯಸ್ಸು. ನಡುವಿಗೆ ಬಿಗಿದ ಲಾಡಿಯಿಂದ ಹೆಂಗಸರಿಗೆ ಆಗುವ ಹುಣ್ಣಿನ ಮೇಲೆಯೇ ಅವನ ಸಂಶೋಧನೆಯಂತೆ. ಅವ್ವನ ಸೊಂಟ ನೋಡಿದವನ ಮುಖ ಅರಳಿತು. "ಭಾಳ ಛಲೋ ಕೇಸ್ ಐತ್ರಿ," ಎಂದು ಪಕ್ಕದಲ್ಲಿದ್ದ ಡಾಕ್ಟರುಗಳನ್ನೂ ಕರೆದ. ಹಬ್ಬದ ಊಟಕ್ಕೆ ಕರೆದಂತೆ ಅವರೂ ಬಂದು ಸುತ್ತ ನಿಂತರು. ಒಬ್ಬ ಸ್ಕೇಲು ಹಿಡಿದ, ಇನ್ನೊಬ್ಬ ಫೋಟೋ ತೆಗೆದ. ಮುಖ ಬರುವುದಿಲ್ಲ, ಹೆದರಬೇಡಿ ಎಂದು ಅವ್ವನಿಗೆ ಸಮಾಧಾನ ಹೇಳಿದರು. "ಮುಖಾ ತಗೀರಲಾ, ಮುಖಕ್ಕೇನಾಗೈತಿ? ಮುಚ್ಚಬೇಕಾದ್ದ ಬಿಟ್ಟು ಮುಖಾ ಮುಚ್ಚತಾರ!" ಎಂದಳು ಅವ್ವ.

ಆಮೇಲೆ ಅವನ ಪ್ರಶ್ನೆಗಳು ಶುರುವಾದವು. ದಿನಾಲೂ ಅದೇ ಜಾಗದಲ್ಲಿ ಕಟ್ಟುತ್ತೀರಾ? ಎಷ್ಟು ಬಿಗಿಯಾಗಿ? ಸ್ವಲ್ಪ ಸಡಿಲ ಕಟ್ಟಿದರೆ ಏನಾಗುತ್ತದೆ?

"ನೀವ ಒಂದಿನಾ ಸಡ್ಲ ಉಟಗೊಂಡು ಜ್ವಾಳದ ಹೊಲದಾಗ ಕಳೆ ತಗದು ನೋಡ್ರಿ, ಸಾಹೇಬ್ರ," ಎಂದಳು ಅವ್ವ. ಅವನು ಅದನ್ನೂ ಬರೆದುಕೊಂಡ. ಇಂಥವರ ಕೈಗೆ ಸಿಕ್ಕೆವಲ್ಲ ಎಂದು ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಆದರೆ ಅವನು ಮೂರ್ಖನಲ್ಲ ಎಂದೂ ಹೇಳಬೇಕು. ಹುಣ್ಣಿನ ಅಂಚಿನಿಂದ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಿದ. ಫಲಿತಾಂಶ ಬಂದ ದಿನ ಅವನು ಗೆಲುವಾಗಿರಲಿಲ್ಲ, ಕುರ್ಚಿ ಎಳೆದುಕೊಂಡು ಅವ್ವನ ಎದುರಿಗೇ ಕುಳಿತ. ಅದು ಚರ್ಮದ ಕ್ಯಾನ್ಸರ್ ಆಗಿತ್ತು. ವರ್ಷಾನುಗಟ್ಟಲೆ ಲಾಡಿ ತಿಕ್ಕಿ, ಬೆವರು ಕೂತು, ಗಾಯವಾಗಿ ಮಾಗಿ ಮತ್ತೆ ಗಾಯವಾಗಿ ಅಲ್ಲಿಗೆ ಬಂದು ನಿಂತಿತ್ತು. ತೊಡೆಸಂದಿನ ಗಂಟುಗಳಿಗೆ ಇನ್ನೂ ಇಳಿದಿಲ್ಲ, ಈಗಲೇ ಸುತ್ತಲಿನ ಚರ್ಮ ಸಮೇತ ಕೊಯ್ದು ತೆಗೆದರೆ ಗುಣವಾಗುತ್ತದೆ, ತಡ ಮಾಡಿದರೆ ಹೇಳಲಾಗದು ಎಂದ.

"ಇನ್ನಮ್ಯಾಲೆ ಮಾತ್ರ ನಡಕ್ಕ ಏನೂ ಬಿಗಿಯಾಂಗಿಲ್ರಿ ಅಮ್ಮಾರ. ನೈಟಿ ಹಾಕ್ಕೊಂಡ ಆರಾಮ ಇರ್ರಿ."

ಅಲ್ಲಿಯವರೆಗೆ ಕಲ್ಲಿನ ಹಾಗೆ ಕುಳಿತು ಕೇಳಿದ್ದ ಅವ್ವನ ಮುಖ ಆ ಮಾತಿಗೆ ಕಪ್ಪಿಟ್ಟಿತು. ಬಸ್ಸಿನಲ್ಲಿ ಹೇಳಿದಳು, "ಕೊಯ್ದ್ರ ಕೊಯ್ಯಲಿ. ನೈಟಿ ಹಾಕ್ಕೊಂಡು ನಾ ಬಾಗಲಾ ದಾಟಾಂಗಿಲ್ಲ. ಅದಕಿಂತ ಹಿಂಗ ಸಾಯತೇನಿ." ಚಿಗವ್ವ ಫೋನಿನಲ್ಲಿ ಅದಕ್ಕೆ ಉಪ್ಪು ಖಾರ ಹಚ್ಚಿದಳು. "ಈ ವಯಸ್ಸಿನಾಗ ನೈಟಿ ಹಾಕ್ಕೊಂಡು ಕಟ್ಟಿಮ್ಯಾಲೆ ಕುಂದರ್ತಿಯೇನ? ಮಂದಿ ನಗತಾರ." ಕ್ಯಾನ್ಸರಿಗೆ ಹೆದರದವಳು ಮಂದಿಗೆ ಹೆದರಿದಳು. ಆಪರೇಶನ್ನಿಗೆ ಕೊಟ್ಟ ದಿನ ಬಂತು, ಹೋಯಿತು. ಆ ಮಂದಿ ಯಾರು ಎಂದು ಇವತ್ತಿಗೂ ನಾನು ಹುಡುಕುತ್ತಿದ್ದೇನೆ. ಸಿಕ್ಕರೆ ನನ್ನ ಕತ್ತರಿ ತಯಾರಿದೆ.

ಅತ್ತೂ ಬೈದೂ ಸಾಕಾಗಿ ಕೊನೆಗೆ ನಾನು ಮಷಿನ್ನಿಗೆ ಕುಳಿತೆ. ಲಾಡಿಯಿಲ್ಲದ ಪರಕಾರ ಹೊಲಿಯಬೇಕಿತ್ತು. ಸಣ್ಣ ಹುಡುಗಿಯರ ಲಂಗದ ಹಾಗೆ ಮೇಲೆ ತೋಳಿಲ್ಲದ ಮೈ ಕೂಡಿಸಿದೆ, ಭಾರವೆಲ್ಲ ಹೆಗಲ ಮೇಲೆ ಬೀಳುವಂತೆ. ಮೊದಲನೆಯದರಲ್ಲಿ ಸೀರೆ ನಿಲ್ಲಲೇ ಇಲ್ಲ, ಜಾರಿ ಕಾಲಡಿ ಬಿತ್ತು. ಅವ್ವ, "ಇದ ಏನ ನಿನ್ನ ಶಾಣ್ಯಾತನಾ?" ಎಂದು ಮುಖ ತಿರುಗಿಸಿದಳು. ಎರಡನೆಯದು ಹೆಗಲು ಕೊರೆಯಿತು. ಆಮೇಲೆ ಹೆಗಲ ಪಟ್ಟಿ ಅಗಲ ಮಾಡಿದೆ, ಸೀರೆ ಸಿಗಿಸಲು ನಡುವಿನ ಸುತ್ತ ಬಟ್ಟೆಯ ಕುಣಿಕೆಗಳನ್ನು ಇಟ್ಟೆ, ನೆರಿಗೆಗೆ ಒಂದು ದೊಡ್ಡ ಪಿನ್ನು. ಅವ್ವ ಅದನ್ನು ಹಾಕಿಕೊಂಡು ಸೀರೆ ಉಟ್ಟು ಹಿತ್ತಲಲ್ಲಿ ನಡೆದಳು. ಬಗ್ಗಿದಳು, ಕುಂತಳು, ಕೊಡ ಎತ್ತಿ ಸೊಂಟದ ಎಡಗಡೆ ಇಟ್ಟುಕೊಂಡು ನೋಡಿದಳು. ಹೊರಗಿನಿಂದ ನೋಡಿದವರಿಗೆ ಏನೂ ಗೊತ್ತಾಗುವಂತಿರಲಿಲ್ಲ. ಕೊಡ ಇಳಿಸಿ, "ಆ ಹುಡುಗ ಡಾಕ್ಟರಗ ಫೋನ ಮಾಡು," ಎಂದಳು.

ಹುಣ್ಣನ್ನು ಪೂರ್ತಿ ತೆಗೆದು ತೊಡೆಯ ಚರ್ಮ ತಂದು ಅಲ್ಲಿ ಕೂರಿಸಿದರು. ಡಾಕ್ಟರ್ ಪರಕಾರವನ್ನೂ ತಿರುವಿ ಹಾಕಿ ಫೋಟೋ ತೆಗೆದುಕೊಂಡ, ಇದಕ್ಕೆ ಏನನ್ನುತ್ತಾರೆ ಎಂದು ಕೇಳಿದ. ಪರಕಾರ ಅನ್ನುತ್ತಾರೆ ಎಂದೆ. ಅವ್ವ ಈಗ ಚೆನ್ನಾಗಿದ್ದಾಳೆ.

ಮಳೆಗಾಲ ಮುಗಿದ ಮೇಲೆ ಚಿಗವ್ವ ನೋಡಲು ಬಂದಳು. ಹಗ್ಗದ ಮೇಲೆ ಒಣಹಾಕಿದ್ದ ಪರಕಾರ ನೋಡಿ, "ಸಾಲಿ ಹುಡುಗ್ಯಾರ ಯುನಿಫಾರಂ ಆತಲ್ಲ ಅಕ್ಕಾ," ಎಂದು ನಕ್ಕಳು. ಮಧ್ಯಾಹ್ನ ಅಂಗಡಿಗೆ ಬಂದು ಒಂದು ಬ್ಲೌಸಿನ ಅಳತೆ ತಗೋ ಎಂದಳು. ಎದೆಯ ಅಳತೆ ತೆಗೆದು ಟೇಪು ಕೆಳಗೆ ತಂದೆ. ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಅಲ್ಲಿ ಮುಟ್ಟಬ್ಯಾಡ."

ನಾನು ಬಾಗಿಲು ಹಾಕಿ ಬಂದೆ. ಸೀರೆಯ ಒಳಗೆ ಹಳೆಯ ಅರಿವೆ ಮಡಚಿ ಇಟ್ಟು, ಅದರ ಮೇಲೆಯೇ ಲಾಡಿ ಬಿಗಿದಿದ್ದಳು. ವಾಸನೆ ಮೂಗಿಗೆ ಬಡಿಯಿತು. ಅವ್ವನ ಹುಣ್ಣು ಇದರ ಮುಂದೆ ಏನೂ ಅಲ್ಲ.

"ಯಾವಾಗಿಂದ?"

"ನಿಮ್ಮವ್ವಂದಕಿಂತ ಮೊದ್ಲಿಂದು. ಗುಡ್ಡಕ್ಕ ಯಾರ ಸಲುವಾಗಿ ಹೋಗಿದ್ದೆ ಅಂತ ಮಾಡೀದಿ?" ಎಂದಳು. ಸೆರಗು ಎಳೆದುಕೊಂಡು, "ತೊಡಿಸಂದ್ಯಾಗೂ ಒಂದು ಗಂಟ ಆಗೈತಿ," ಎಂದಳು.

ಬೈಯಲು ಬಾಯಿ ತೆರೆದೆ. ಅಷ್ಟು ದಿನ ಕೂಡಿಟ್ಟಿದ್ದ ಬೈಗುಳ ಒಂದೂ ಹೊರಗೆ ಬರಲಿಲ್ಲ. ಒಳಬಾಗಿಲಲ್ಲಿ ಅವ್ವ ಬಂದು ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ಅವಳೂ ಬೈಯಲಿಲ್ಲ. ಹತ್ತಿರ ಬಂದು, ಸಣ್ಣ ಮಗುವಿಗೆ ಹೇಳುವ ಹಾಗೆ, "ಮೊದಲ ಅದನ್ನ ಬಿಚ್ಚವಾ," ಎಂದಳು.

ಗಂಟು ಬಿಚ್ಚಲಿಲ್ಲ. ಬೆವರಿಗೆ, ಕೀವಿಗೆ ಕಟ್ಟಿಕೊಂಡು ಕೂತಿತ್ತು. ನಾನು ಕತ್ತರಿ ತಂದು ಲಾಡಿಯನ್ನು ಕತ್ತರಿಸಿದೆ. ಬಾಗಿಲು ಹಾಕಿತ್ತು, ಒಳಗೆ ಇದ್ದವರು ನಾವು ಮೂವರೇ ಹೆಂಗಸರು. ಆದರೂ ಚಿಗವ್ವ ಎರಡೂ ಕೈಯಿಂದ ನೆರಿಗೆಯನ್ನು ಬಿಗಿಯಾಗಿ ಅವುಚಿ ಹಿಡಿದುಕೊಂಡೇ ನಿಂತಿದ್ದಳು.